ಡಬ್ಬಿ ಎಲ್ಲಾ ಕೇಳಿಸ್ಕೊಳ್ತದೆ

ನಮ್ಮ ಅತ್ತೆಯ ಬಿಪಿ ಎಷ್ಟು ಅಂತ ಯಾರಾದರೂ ಕೇಳಿದರೆ, ‘ಯಾರ ವಿಷಯ ಮಾತಾಡುವಾಗ?’ ಅಂತ ನಾನು ತಿರುಗಿ ಕೇಳಬೇಕಾಗುತ್ತದೆ. ತೋಳಿಗೆ ಪಟ್ಟಿ ಕಟ್ಟಿ ಗುಂಡಿ ಒತ್ತಿದಾಗ ಅವರ ಬಾಯಲ್ಲಿ ಕೊಪ್ಪದ ತವರುಮನೆ ಇದ್ದರೆ 130ರ ಆಸುಪಾಸು. ಮಾತು ಮೂಡಿಗೆರೆ ಕಡೆಗೆ, ಅಂದರೆ ತೋಟ ನೋಡಿಕೊಂಡಿರುವ ದೊಡ್ಡ ಮಗನ ಮನೆ ಕಡೆಗೆ ತಿರುಗಿತೋ, 150 ದಾಟಿತು. ಅಲ್ಲಿ ದೊಡ್ಡ ಸೊಸೆ ಏಲಕ್ಕಿಯನ್ನು ಅಳತೆ ಮಾಡಿ ಕೊಟ್ಟಳು ಎಂಬ ಪ್ರಸಂಗ ಬಂದರಂತೂ ಮೆಷಿನ್ನು ಒಮ್ಮೆ ಗಾಳಿ ಬಿಟ್ಟು, ಮತ್ತೆ ಮೊದಲಿಂದ ತುಂಬಿಸಿಕೊಂಡು, ಕೊನೆಗೆ ‘ಎರರ್’ ಎಂದು ತೋರಿಸಿ ಕೈಚೆಲ್ಲುತ್ತದೆ.

ಪಾಪ, ಮೆಷಿನ್ನಿನ ತಪ್ಪೇನಿಲ್ಲ. ಡಾಕ್ಟರು ಕೈಯಲ್ಲಿ ಬಲ್ಬ್ ಒತ್ತಿ ನೋಡುವ ಬಿಪಿಯಲ್ಲಿ ಪಟ್ಟಿಯ ಗಾಳಿ ಇಳಿಸುತ್ತಾ ಹೋದಾಗ ಸ್ಟೆತೊಸ್ಕೋಪಿನಲ್ಲಿ ಮೊದಲು ಟಕ್ ಟಕ್ ಕೇಳಿಸಿದ ಜಾಗ ಮೇಲಿನ ಬಿಪಿ, ಸದ್ದು ಅಡಗಿದ ಜಾಗ ಕೆಳಗಿನದು. ರಷ್ಯಾದ ಕೊರೊಟ್ಕಾಫ್ ಎಂಬ ಡಾಕ್ಟರು 1905ರಲ್ಲಿ ತೋರಿಸಿಕೊಟ್ಟ ದಾರಿ ಅದು. ಮನೆಯಲ್ಲಿರುವ ಡಿಜಿಟಲ್ ಮೆಷಿನ್ನಿಗೆ ಆ ಸದ್ದು ಬೇಕಿಲ್ಲ. ರಕ್ತನಾಳ ಮಿಡಿದಾಗ ಪಟ್ಟಿಯೊಳಗಿನ ಗಾಳಿಯೂ ತುಸು ನಡುಗುತ್ತದಲ್ಲ, ಆ ನಡುಕವನ್ನೇ ಅದು ಹಿಡಿಯುತ್ತದೆ. ನಡುಕ ಎಲ್ಲಕ್ಕಿಂತ ಜೋರಾಗುವ ಕಡೆ ಸರಾಸರಿ ಒತ್ತಡ. ಮೇಲಿನದು ಕೆಳಗಿನದು ಎರಡನ್ನೂ ಕಂಪನಿಯವರು ಒಳಗೆ ಬರೆದಿಟ್ಟ ಸೂತ್ರದಿಂದ ಲೆಕ್ಕ ಹಾಕಿ ತೆಗೆಯುತ್ತದೆ. ಕೈ ಆಡಿಸಿದರೆ ಆ ಅಲುಗಾಟವೂ ಈ ಲೆಕ್ಕದೊಳಗೆ ನುಗ್ಗುತ್ತದೆ. ಆದರೆ ಕೈ ಆಡಿಸದೆ ಏಲಕ್ಕಿ ಅಳೆದದ್ದನ್ನು ತೋರಿಸುವುದು ಹೇಗೆ?

ಇನ್ನು ಅದರ ಜೊತೆ ಬಂದ ಪುಸ್ತಕದ ನಿಯಮಗಳು. ಐದು ನಿಮಿಷ ಸುಮ್ಮನೆ ಕೂತಿರಬೇಕು, ಬೆನ್ನಿಗೆ ಆಸರೆ ಇರಬೇಕು, ಕಾಲ ಮೇಲೆ ಕಾಲು ಹಾಕಬಾರದು, ಮಾತಾಡಬಾರದು, ಹಿಂದಿನ ಅರ್ಧ ಗಂಟೆಯಲ್ಲಿ ಕಾಫಿ ಕುಡಿದಿರಬಾರದು. ಕಾಫಿ ಕುಡಿದು ಅರ್ಧ ಗಂಟೆಯಾದ ಮನುಷ್ಯ ಚಿಕ್ಕಮಗಳೂರಿನಲ್ಲಿ ಬೇಕೆಂದರೆ ನಡುರಾತ್ರಿ ಎದ್ದು ಹುಡುಕಬೇಕು. ಬಾಬಾಬುಡನ್ ಅವರು ಏಳು ಬೀಜ ತಂದು ಗುಡ್ಡದ ಮೇಲೆ ಹಾಕಿದರು ಅಂತಾರೆ. ಮುಂದೆ ಬಿಪಿ ಮೆಷಿನ್ನು ಬರುತ್ತದೆಂದು ಅವರಿಗೇನು ಕನಸು ಬಿದ್ದಿತ್ತೇ!

ಎರಡನೇ ಉಪಕರಣ ಪಲ್ಸ್ ಆಕ್ಸಿಮೀಟರ್. ಕೋವಿಡ್ ಕಾಲದಲ್ಲಿ ಕೊಂಡದ್ದು, ಈಗ ದೇವರ ಗೂಡಿನಲ್ಲಿ ಊದುಬತ್ತಿ ಪಕ್ಕ ಇದೆ. ಅತ್ತೆ ಬೆಳಗ್ಗೆ ತುಳಸಿಗೆ ನೀರು ಹಾಕಿ ಬಂದವರೇ ಅದರೊಳಗೆ ಬೆರಳಿಡುತ್ತಾರೆ. ಒಂದು ಡಿಸೆಂಬರಿನ ಬೆಳಗ್ಗೆ, ಮುಳ್ಳಯ್ಯನಗಿರಿ ಕಡೆಯಿಂದ ಬೀಸುವ ಗಾಳಿಗೆ ಹಲ್ಲು ಕಟಕಟ ಎನ್ನುವಾಗ, ಅದು 84 ತೋರಿಸಿತು. 95ಕ್ಕಿಂತ ಮೇಲಿರಬೇಕು ಎಂದು ಟಿವಿಯಲ್ಲಿ ಕಲಿತಿದ್ದ ನಮ್ಮವರು ಮಂಕಿ ಕ್ಯಾಪಿನಲ್ಲೇ ಓಡಿಹೋಗಿ ಕಾರು ಸ್ಟಾರ್ಟ್ ಮಾಡಲು ನೋಡಿದರು. ಚಳಿಗೆ ಕಾರೂ ಸ್ಟಾರ್ಟ್ ಆಗಲಿಲ್ಲ. ಅವರು ಕೀ ತಿರುಗಿಸುತ್ತಾ ದೇವರನ್ನೂ ಕಾರಿನ ಕಂಪನಿಯನ್ನೂ ಒಟ್ಟಿಗೆ ಕರೆಯುತ್ತಿರುವಾಗ ಅತ್ತೆ ಬಚ್ಚಲೊಲೆ ಮುಂದೆ ಕೂತು ಕೈ ಕಾಯಿಸಿಕೊಂಡು ಬಂದು ಮತ್ತೆ ಬೆರಳಿಟ್ಟರು. 97.

ಅದರ ಗುಟ್ಟು ಇಷ್ಟೆ. ಒಂದು ಕಡೆಯಿಂದ ಕೆಂಪು ಬೆಳಕು, ಜೊತೆಗೆ ಕಣ್ಣಿಗೆ ಕಾಣದ ಇನ್ಫ್ರಾರೆಡ್ ಬೆಳಕು ಬೆರಳನ್ನು ಹಾದುಹೋಗುತ್ತವೆ. ಆಮ್ಲಜನಕ ಹೊತ್ತ ರಕ್ತ ಇನ್ಫ್ರಾರೆಡ್ಡನ್ನು ಹೆಚ್ಚು ಹೀರುತ್ತದೆ, ಆಮ್ಲಜನಕ ಇಳಿಸಿ ಬಂದ ರಕ್ತ ಕೆಂಪನ್ನು ಹೆಚ್ಚು ಹೀರುತ್ತದೆ. ಬೆರಳಿನಲ್ಲಿ ಚರ್ಮ, ಮೂಳೆ, ಮಾಂಸ ಎಲ್ಲವೂ ಬೆಳಕು ತಿನ್ನುತ್ತವೆ, ಆದರೆ ಎದೆಬಡಿತದ ಜೊತೆ ಏರಿಳಿಯುವುದು ಹೃದಯದಿಂದ ಹೊಸದಾಗಿ ಬರುವ ರಕ್ತ ಮಾತ್ರ. ಯಂತ್ರ ಆ ಏರಿಳಿತವನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತದೆ. ಜಪಾನಿನ ತಾಕುವೊ ಅಯೊಯಾಗಿ ಎಂಬ ಎಂಜಿನಿಯರು 1970ರ ದಶಕದ ಮೊದಲಲ್ಲಿ ಬೇರೇನನ್ನೋ ಅಳೆಯಲು ಹೊರಟಿದ್ದರು. ನಾಡಿಯ ಈ ಏರಿಳಿತ ಅಡ್ಡ ಬಂದು ಅವರ ಲೆಕ್ಕವನ್ನೆಲ್ಲ ಕೆಡಿಸುತ್ತಿತ್ತು. ಕಾಟ ಕೊಡುತ್ತಿದ್ದ ಅದನ್ನೇ ಹಿಡಿದು ಅವರು ಈ ಉಪಕರಣದ ದಾರಿ ಕಂಡುಕೊಂಡರು. ಚಳಿಯಲ್ಲಿ ಬೆರಳ ತುದಿಯ ರಕ್ತನಾಳ ಮುದುಡಿದರೆ ಹಿಡಿಯಲು ಏರಿಳಿತವೇ ಸಿಗುವುದಿಲ್ಲ. ಆಗ ಯಂತ್ರ ಬಾಯಿಗೆ ಬಂದದ್ದು ಹೇಳುತ್ತದೆ. ಬೆರಳ ತುದಿಗೆ ಗಾಢವಾಗಿ ಮೆಹೆಂದಿ ಹಚ್ಚಿದ್ದರೂ ಇದೇ ಪಾಡು. ಮದುವೆ ಮನೆಗೆ ಆಕ್ಸಿಮೀಟರ್ ತೆಗೆದುಕೊಂಡು ಹೋಗುವವರು ಯಾರು ಎಂದು ಕೇಳಬೇಡಿ. ಅತ್ತೆಯ ವ್ಯಾನಿಟಿ ಬ್ಯಾಗನ್ನು ನೀವು ನೋಡಿಲ್ಲ.

ಹೀಗಿರುವ ಅತ್ತೆಗೆ ಒಮ್ಮೆ ಜ್ವರ ಹೆಚ್ಚಾಗಿ ಪೇಟೆಯ ಆಸ್ಪತ್ರೆಯೊಂದರಲ್ಲಿ ಸೇರಿಸಿದೆವು. ತಲೆ ಹತ್ತಿರ ಮಾನಿಟರು, ಎದೆಗೆ ಸ್ಟಿಕ್ಕರುಗಳು. ಅತ್ತೆ ಹಿಂದಿನ ದಿನ ಮೈಗೆಲ್ಲ ಕೊಬ್ಬರಿ ಎಣ್ಣೆ ತಿಕ್ಕಿಕೊಂಡಿದ್ದರು. ಎಣ್ಣೆ ಚರ್ಮಕ್ಕೆ ಸ್ಟಿಕ್ಕರು ಎಷ್ಟು ಹೊತ್ತು ಹಿಡಿದೀತು? ಸಂಜೆ ಹೊತ್ತಿಗೆ ಒಂದು ಕಳಚಿತು, ಪರದೆಯ ಹಸಿರು ಗೆರೆ ನೆಟ್ಟಗೆ ಮಲಗಿತು, ಅಲಾರಂ ಕೂಗಿಕೊಂಡಿತು. ಪರದೆಯ ಪ್ರಕಾರ ಅತ್ತೆ ಇರಲಿಲ್ಲ. ಅತ್ತೆಯ ಪ್ರಕಾರ ಕಾಫಿಗೆ ಸಕ್ಕರೆ ಇರಲಿಲ್ಲ. ಸಿನಿಮಾ ನೋಡಿ ಬೆಳೆದ ನಾನು ಕಿರುಚಿಕೊಂಡೆ. ಸಿಸ್ಟರು ನಿಧಾನಕ್ಕೆ ಬಂದು, ನನ್ನ ಮುಖವನ್ನೂ ನೋಡದೆ ಪರದೆಯ ಎರಡನೇ ಗೆರೆ ನೋಡಿದರು. ಅದು ಬೆರಳಿನ ಕ್ಲಿಪ್ಪಿನಿಂದ ಬರುವ ಅಲೆ; ಅದು ಚೆಂದಾಗಿ ಏರಿ ಇಳಿಯುತ್ತಿತ್ತು. ಬೆರಳಿಗೆ ರಕ್ತ ತಲುಪುತ್ತಿದೆ ಎಂದರೆ ಹೃದಯ ಎಲ್ಲಿ ನಿಲ್ಲುತ್ತದೆ? ಸ್ಪಿರಿಟ್ಟಿನಲ್ಲಿ ಎಣ್ಣೆ ಒರೆಸಿ ಹೊಸ ಸ್ಟಿಕ್ಕರು ಅಂಟಿಸಿ ಹೋದರು. ಸಕ್ಕರೆಯ ಸಮಸ್ಯೆ ಹಾಗೇ ಉಳಿಯಿತು.

ಇಷ್ಟೆಲ್ಲ ಪರರ ಕಥೆ ಹೇಳಿಕೊಂಡು ಓಡಾಡುತ್ತಿದ್ದ ನನಗೇ ಹೋದ ಚಳಿಗಾಲದಲ್ಲಿ ಎದೆ ಡವಡವ ಹೊಡೆದುಕೊಳ್ಳಲು ಶುರುವಾಯಿತು. ದಿನಾ ಅಲ್ಲ. ಸಾಮಾನ್ಯವಾಗಿ ಸಂಜೆ, ಸಾಮಾನ್ಯವಾಗಿ ಮೂಡಿಗೆರೆಯಿಂದ ಫೋನು ಬಂದಾಗ. ತೋಟದ ಪಾಲಿನ ಮಾತು ನಮ್ಮ ಮನೆಯಲ್ಲಿ ಮೂರು ಕಂಠಗಳಲ್ಲಿ ನಡೆಯುತ್ತದೆ: ಫೋನಿನಲ್ಲಿ ಭಾವ, ಈ ಕಡೆ ನಮ್ಮವರು, ಇಬ್ಬರಿಗೂ ಉತ್ತರವಾಗಿ ಅತ್ತೆ.

ಮೊದಲು ಇಸಿಜಿ. ಹತ್ತು ವೈರು, ಹನ್ನೆರಡು ಕೋನದ ನೋಟ. ಬಲಗೈಗೆ ಕೆಂಪು, ಎಡಗೈಗೆ ಹಳದಿ, ಎಡಗಾಲಿಗೆ ಹಸಿರು, ಬಲಗಾಲಿಗೆ ಕಪ್ಪು, ಉಳಿದ ಆರು ಎದೆಗೆ. ಬಲಗಾಲಿನ ಆ ಕಪ್ಪು ವೈರು ಯಾವ ನೋಟಕ್ಕೂ ಸೇರುವುದಿಲ್ಲವಂತೆ. ಗದ್ದಲ ತಗ್ಗಿಸುವುದಷ್ಟೇ ಅದರ ಕೆಲಸ. ನಮ್ಮ ಮನೆಗೂ ಅಂಥದ್ದೊಂದು ಬೇಕಿತ್ತು. ಟಾರ್ಚಿನ ಸೆಲ್ಲಿನಲ್ಲಿ ಒಂದೂವರೆ ವೋಲ್ಟ್ ಇರುತ್ತದೆ. ಚರ್ಮದ ಮೇಲೆ ಸಿಗುವ ಹೃದಯದ ವಿದ್ಯುತ್ತು ಸುಮಾರಾಗಿ ಒಂದು ಮಿಲಿವೋಲ್ಟ್. ಸ್ನಾಯುಗಳಿಗೂ ತಮ್ಮದೇ ವಿದ್ಯುತ್ತು ಇರುವುದರಿಂದ ಚಳಿಗೆ ನಡುಗಿದರೆ ಅದೂ ಗೆರೆಗೆ ಸೇರಿಕೊಳ್ಳುತ್ತದೆ. ನಾನು ನಡುಗಿದೆ. ಹುಡುಗ ಕಂಬಳಿ ತಂದು ಹೊದಿಸಿ ಎರಡನೇ ಸಲ ತೆಗೆದ.

ನಾನು ಮುಖ ಹುಳ್ಳಗೆ ಮಾಡಿದ್ದು ಕಂಡು ಡಾಕ್ಟರು ಹಳೇ ಕಥೆ ಹೇಳಿ ಸಮಾಧಾನ ಮಾಡಿದರು. ಇದಕ್ಕಾಗಿಯೇ 1924ರ ನೊಬೆಲ್ ಪಡೆದ ಡಚ್ ವಿಜ್ಞಾನಿ ಐಂಥೋವನ್ನರ ಮೊದಲ ಯಂತ್ರ ಸುಮಾರು 270 ಕಿಲೋ ಇತ್ತಂತೆ, ನಡೆಸಲು ಐದು ಜನ ಬೇಕಿತ್ತಂತೆ. ರೋಗಿ ಕೈಕಾಲುಗಳನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಇಳಿಬಿಟ್ಟು ಕೂರಬೇಕಿತ್ತು. ಲಂಡನ್ನಿನಲ್ಲಿ ವಾಲರ್ ಎಂಬವರು ತಮ್ಮ ನಾಯಿ ಜಿಮ್ಮಿಯ ಪಾದಗಳನ್ನು ಉಪ್ಪುನೀರಿನಲ್ಲಿ ನಿಲ್ಲಿಸಿ 1909ರಲ್ಲಿ ರಾಯಲ್ ಸೊಸೈಟಿಯಲ್ಲಿ ಪ್ರಯೋಗ ತೋರಿಸಿದ್ದಕ್ಕೆ, ನಾಯಿಗೆ ಹಿಂಸೆಯಾಯಿತೆಂದು ಪಾರ್ಲಿಮೆಂಟಿನಲ್ಲೇ ಪ್ರಶ್ನೆ ಎದ್ದಿತು. ಅದು ಬರೀ ಉಪ್ಪು ಹಾಕಿದ ನೀರು ಎಂದು ಮಂತ್ರಿಗಳೇ ಎದ್ದು ನಿಂತು ಹೇಳಬೇಕಾಯಿತು. ನಾನು ನಡುಗಿದ್ದಕ್ಕೆ ಗ್ರಾಮ ಪಂಚಾಯ್ತಿಯಲ್ಲೂ ಯಾರೂ ಕೇಳಲಿಲ್ಲ.

ಇಸಿಜಿ ಹಿಡಿಯುವುದು ಹತ್ತು ಸೆಕೆಂಡಿನ ಕಥೆಯನ್ನು. ಆ ಹತ್ತು ಸೆಕೆಂಡು ನನ್ನ ಹೃದಯ ಸೊಗಸಾಗಿ ನಡೆದುಕೊಂಡಿತು. ‘ಹೋಲ್ಟರ್ ಹಾಕೋಣ, 24 ಗಂಟೆ’ ಎಂದರು ಡಾಕ್ಟರು. ಅಮೆರಿಕದ ನಾರ್ಮನ್ ಹೋಲ್ಟರ್ ಇದನ್ನು ಮೊದಲು ಮಾಡಿದಾಗ ಅದನ್ನು ಬೆನ್ನಿಗೆ ಹೊರಬೇಕಿತ್ತು, ತೂಕ ಸುಮಾರು 38 ಕಿಲೋ. ಈಗಿನದು ಅಂಗೈಯಲ್ಲಿ ಅಡಗುತ್ತದೆ. ಎದೆಗೆ ಸ್ಟಿಕ್ಕರು, ಸೊಂಟಕ್ಕೆ ಡಬ್ಬಿ. ಹಾಕಿಕೊಟ್ಟ ಹುಡುಗಿ ಒಂದು ಹಾಳೆಯನ್ನೂ ಕೊಟ್ಟಳು. ‘ಸ್ನಾನ ಮಾತ್ರ ಬೇಡ ಮೇಡಂ. ಎದೆ ಹೊಡ್ಕೊಂಡಾಗ ಈ ಬಟನ್ ಒತ್ತಿ, ಟೈಮು ಬರೀರಿ, ಆಗ ಏನು ಮಾಡ್ತಿದ್ರಿ ಅಂತಾನೂ ಬರೀರಿ. ಮನೇಲಿ ದಿನಾ ಹೇಗಿರ್ತೀರೋ ಹಾಗೇ ಇರಿ.’

ನಾನು ಹಾಗೇ ಇದ್ದೆ. ಮನೆಯವರು ಹಾಗಿರಲಿಲ್ಲ.

‘ಎಂತದೇ ಅದು ಸೊಂಟದಲ್ಲಿ?’ ಅತ್ತೆ ಕೇಳಿದರು. ನಾನು ಬಾಯಿ ತೆಗೆಯುವ ಮೊದಲೇ ಪಿಯುಸಿ ಓದುವ ನನ್ನ ಮಗ, ‘ಅಜ್ಜೀ, ಅದರಲ್ಲಿ ಎಲ್ಲಾ ರೆಕಾರ್ಡ್ ಆಗ್ತದೆ. ನಾಳೆ ಡಾಕ್ಟ್ರು ಕಂಪ್ಯೂಟರಿಗೆ ಹಾಕಿ ನೋಡ್ತಾರೆ’ ಎಂದ. ಅವನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಎರಡು ಸ್ಟಿಕ್ಕರುಗಳ ನಡುವಿನ ವಿದ್ಯುತ್ತಿನ ವ್ಯತ್ಯಾಸ ಬಿಟ್ಟರೆ ಆ ಡಬ್ಬಿಗೆ ಮತ್ತೇನೂ ತಿಳಿಯುವುದಿಲ್ಲ, ಅದಕ್ಕೆ ಮಾತು ಕೇಳಿಸುವುದಿಲ್ಲ ಎಂಬುದನ್ನು ಯಾರೂ ನನ್ನನ್ನು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅಲ್ಲಿಂದ ಮನೆಯಲ್ಲಿ ಚುನಾವಣೆಯ ನೀತಿ ಸಂಹಿತೆ ಜಾರಿಯಾದ ಹಾಗಾಯಿತು. ಅತ್ತೆ ಸೆರಗು ಸರಿಮಾಡಿಕೊಂಡು ನನ್ನ ಸೊಂಟದ ಕಡೆ ಬಗ್ಗಿ, ‘ನಮ್ಮ ಚಿಕ್ಕ ಸೊಸೆ ಅಂದ್ರೆ ಬಂಗಾರ. ಮದುವೆಯಾಗಿ ಬಂದಾಗಿಂದ ನಾನು ಒಂದು ಮಾತು ಅಂದವಳಲ್ಲ’ ಎಂದು ಬಿಡಿಬಿಡಿಯಾಗಿ ಹೇಳಿದರು. ಟವೆಲ್ ಎಲ್ಲಿ, ಕನ್ನಡಕ ಎಲ್ಲಿ ಎಂದು ಬಚ್ಚಲಿನಿಂದ ಬೊಬ್ಬೆ ಹೊಡೆಯುವ ನಮ್ಮವರು ತಾವೇ ಎಲ್ಲವನ್ನೂ ಹುಡುಕಿಕೊಂಡರು. ಅಕ್ಕಿರೊಟ್ಟಿ ಒಂದು ಕಡೆ ಸೀದಿತ್ತು. ‘ಗರಿಗರಿಯಾಗಿದೆ ಕಣೇ’ ಎಂದು ಡಬ್ಬಿಯ ಕಡೆಗೆ ನೋಡುತ್ತಾ ತಿಂದರು. ಪಕ್ಕದ ಮನೆಯವರು ಬೀದಿಯ ಸಮಾಚಾರ ಹೇಳಲು ಬಂದು, ಡಬ್ಬಿಯ ವಿಷಯ ಕೇಳಿ, ಹವಾಮಾನದ ಬಗ್ಗೆ ಎರಡು ಮಾತಾಡಿ ಹೊರಟುಹೋದರು.

ಸಂಜೆ ಭಾವನೇ ಬಂದರು. ಕಾಫಿ ಕುಯ್ಲಿನ ನಡುವೆ ಮೂಡಿಗೆರೆಯಿಂದ ಜೀಪು ಹತ್ತಿ ಬಂದಿದ್ದಾರೆಂದರೆ ಜಗಳಕ್ಕೇ ಬಂದಿದ್ದಾರೆ ಎಂದರ್ಥ. ಚಪ್ಪಲಿ ಬಿಡುತ್ತಲೇ, ‘ಏನೋ, ಲಾಯರ್ ಹತ್ತಿರ ಹೋಗಿದ್ದೆಯಂತೆ?’ ಎಂದು ಗುಡುಗಿದರು. ಅತ್ತೆ ತುಟಿ ಮೇಲೆ ಬೆರಳಿಟ್ಟು ನನ್ನ ಸೊಂಟ ತೋರಿಸಿ, ‘ಡಬ್ಬಿ ಎಲ್ಲಾ ಕೇಳಿಸ್ಕೊಳ್ತದೆ’ ಎಂದು ಪಿಸುಗುಟ್ಟಿದರು. ಭಾವನ ಮುಖ ನೋಡಬೇಕಿತ್ತು. ಕೋರ್ಟು, ಸಾಕ್ಷಿ, ರೆಕಾರ್ಡಿಂಗು ಎಲ್ಲವೂ ಅಲ್ಲಿ ಸಾಲಾಗಿ ಹಾದುಹೋದವು. ಕುರ್ಚಿಯನ್ನು ನನ್ನ ಹತ್ತಿರ ಎಳೆದುಕೊಂಡು, ಗಂಟಲು ಸರಿಮಾಡಿಕೊಂಡು, ರೇಡಿಯೋದಲ್ಲಿ ಭಾಷಣ ಮಾಡುವವರ ಕನ್ನಡದಲ್ಲಿ ಶುರುಮಾಡಿದರು: ‘ನಾನು ಯಾವತ್ತೂ ತಮ್ಮನಿಗೆ ಅನ್ಯಾಯ ಬಯಸಿದವನಲ್ಲ. ಅವನ ಪಾಲು ಅವನಿಗೆ ಬಂದೇ ಬರುತ್ತದೆ.’

ನಾನು ಬಟನ್ ಒತ್ತಿದೆ. ಒತ್ತಲೇಬೇಕಾಯಿತು. ಎದೆ ಹಾಗೆ ಹೊಡೆದುಕೊಂಡಿತು.

ರಾತ್ರಿಯ ಕಥೆ ಹೆಚ್ಚೇನಿಲ್ಲ. ಅಂಟಿನ ಕೆಳಗೆ ತುರಿಕೆ, ಹೊರಳಿದಾಗಲೆಲ್ಲ ವೈರು. ನಿದ್ದೆಯಲ್ಲಿ ಗೊರಕೆ ಹೊಡೆದರೂ ರೆಕಾರ್ಡ್ ಆದೀತೆಂದು ನಮ್ಮವರು ನಡುಮನೆಯಲ್ಲಿ ಮಲಗಿದ್ದರಿಂದ ಒಟ್ಟಿನಲ್ಲಿ ಲಾಭವೇ ಆಯಿತು.

ಮರುದಿನ ಡಾಕ್ಟರು ಕಂಪ್ಯೂಟರಿನಲ್ಲಿ ನೋಡಿದರು. ಒಂದು ದಿನಕ್ಕೆ ಮನುಷ್ಯನ ಹೃದಯ ಹತ್ತಿರ ಹತ್ತಿರ ಒಂದು ಲಕ್ಷ ಸಲ ಬಡಿಯುತ್ತದೆ. ನನ್ನದೂ ಅಷ್ಟೇ ಬಡಿದಿತ್ತು. ಅಲ್ಲೊಂದು ಇಲ್ಲೊಂದು ಬಡಿತ ಅವಸರ ಮಾಡಿ ಮುಂಚೆ ಬಂದಿತ್ತು. ಅಂಥವು ಎಲ್ಲರಲ್ಲೂ ಇರುತ್ತವಂತೆ. ‘ಸಂಜೆ ಒಂದು ಕಡೆ ಮಾತ್ರ ಸ್ಪೀಡಾಗಿದೆ. ಲಯ ಸರಿಯಾಗೇ ಇದೆ. ಆಗ ಏನು ಮಾಡ್ತಿದ್ರಿ?’ ಎಂದು ನನ್ನ ಹಾಳೆ ತಿರುಗಿಸಿ ಓದಿದರು: ‘ಭಾವ ಪಾಲು ಕೊಡ್ತೀನಿ ಅಂದರು.’

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಅವರದೂ ಮಲೆನಾಡೇ. ‘ಇದು ನಾರ್ಮಲ್ಲಮ್ಮ. ಯಾರಿಗಾದ್ರೂ ಆಗ್ತದೆ’ ಎಂದರು. ಮತ್ತೆ ಮತ್ತೆ ಡವಡವ ಬಂದರೆ ಏಳು ದಿನ ಹಾಕಿಕೊಂಡಿರುವಂಥದ್ದೂ ಇದೆ, ಆಗ ನೋಡೋಣ ಎಂದೂ ಸೇರಿಸಿದರು.

ಡಬ್ಬಿ ಬಿಚ್ಚಿಕೊಟ್ಟು ಮನೆಗೆ ಬಂದು ಇನ್ನೂ ಸ್ಟಿಕ್ಕರಿನ ಅಂಟು ತಿಕ್ಕುತ್ತಿದ್ದೆ, ಮೂಡಿಗೆರೆಯಿಂದ ಫೋನು ಬಂತು. ನಮ್ಮವರು ಸ್ಪೀಕರಿಗೆ ಹಾಕಿದರು.

‘ಆ ಡಬ್ಬಿ ವಾಪಸ್ ಕೊಟ್ರಾ?’

ನಮ್ಮವರು ನನ್ನ ಮುಖ ನೋಡಿದರು. ನಾನು ಏಳು ಬೆರಳು ತೋರಿಸಿದೆ.

‘ಇಲ್ಲ ಅಣ್ಣಾ, ಏಳು ದಿನದ್ದು ಹಾಕ್ತೀವಿ ಅಂತಿದಾರೆ.’

ಆ ಕಡೆ ಸ್ವಲ್ಪ ಹೊತ್ತು ಜೀಪಿನ ಸದ್ದು ಮಾತ್ರ ಕೇಳಿಸಿತು. ಆಮೇಲೆ ಭಾವನ ರೇಡಿಯೋ ಕನ್ನಡ: ‘ಹಾಗಾದರೆ ಆರೋಗ್ಯ ಚೆನ್ನಾಗಿ ನೋಡಿಕೊಳ್ಳಲು ಹೇಳು. ಕುಯ್ಲು ಮುಗಿದ ಮೇಲೆ ಬರುತ್ತೇನೆ.’