25 ಎಸೆತಕ್ಕೇ ನಿಲ್ಲಿಸಿದ್ರಲ್ಲ!

“ಅಷ್ಟೇನಾ? ಮುಗೀತಾ?” ಅಂತ ಅಣ್ಣ ಕೇಳಿದ.

2025ರ ಫೆಬ್ರವರಿ. ಹಾಸನದಿಂದ ಎರಡು ತಿಂಗಳಿಗೆ ಅಂತ ಅಮೆರಿಕಕ್ಕೆ ಬಂದಿದ್ದ ಅಣ್ಣನನ್ನು ಸ್ಕಾಟ್ಸ್‌ಡೇಲ್ ಹತ್ತಿರದ ಸಾಲ್ಟ್ ರಿವರ್ ಫೀಲ್ಡ್ಸ್ ಮೈದಾನಕ್ಕೆ ಕರೆದುಕೊಂಡು ಹೋಗಿದ್ದೆ. ನಾನೀಗ ಇರುವ ಊರಿನ ಬೇಸ್‌ಬಾಲ್ ತಂಡ ಅರಿಜೋನಾ ಡೈಮಂಡ್‌ಬ್ಯಾಕ್ಸ್ ಸೀಸನ್‌ಗೆ ತಯಾರಾಗುವುದು ಅಲ್ಲೇ. ಬೇಲಿಯ ಆಚೆ ಪಿಚರ್‌ಗಳು, ಅಂದರೆ ಬೇಸ್‌ಬಾಲ್‌ನಲ್ಲಿ ಚೆಂಡು ಎಸೆಯುವವರು, ಸಾಲಾಗಿ ನಿಂತು ಎಸೆಯುತ್ತಿದ್ದರು. ಎದುರಿಗೆ ಕುಕ್ಕರಗಾಲಲ್ಲಿ ಕೂತಿದ್ದ ಕ್ಯಾಚರ್‌ಗಳ ಗ್ಲೌಸ್‌ಗೆ ಚೆಂಡು ಬಡಿಯುವ ಸದ್ದು ಒಂದರ ಹಿಂದೆ ಒಂದು. ಎಳೆ ಬಿಸಿಲು. ಅಣ್ಣ ಬೇಲಿಗೆ ಎರಡೂ ಕೈ ಕೊಟ್ಟು ಒಬ್ಬ ಎತ್ತರದ ಪಿಚರ್‌ನನ್ನೇ ನೋಡುತ್ತಾ ನಿಂತಿದ್ದ. ಅವನು 25 ಸಲ ಎಸೆದ. ಕ್ಯಾಚರ್ ಹತ್ತಿರ ಹೋಗಿ ಏನೋ ಮಾತಾಡಿದ. ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಟೇಬಿಟ್ಟ.

“25ಕ್ಕೇ ನಿಲ್ಲಿಸಿದ್ರಲ್ಲ! ಮೈ ಬಿಸಿ ಆಗೋದೇ ಆಗ ಕಣೋ” ಅಂದ ಅಣ್ಣ.

ಅವನು ಹಾಗೆ ಅನ್ನುವುದಕ್ಕೆ ಕಾರಣ ಇದೆ. ಹುಡುಗನಾಗಿದ್ದಾಗ ಅವನು ನಮ್ಮ ಕಡೆಯ ಒಳ್ಳೆ ವೇಗದ ಬೌಲರ್. ಜಾವಗಲ್ ನಮ್ಮ ಜಿಲ್ಲೆಯ ಊರು. ಶ್ರೀನಾಥ್ ಹೆಸರಿನ ಹಿಂದೆ ಆ ಊರಿನ ಹೆಸರು ಇದ್ದದ್ದೇ ನಮಗೆ ದೊಡ್ಡ ಹೆಮ್ಮೆ. ಅವರು ಮೈಸೂರಿನವರು ಅಂತ ಗೊತ್ತಿದ್ದರೂ ನಮ್ಮವರೇ ಅಂತ ಅಂದುಕೊಂಡಿದ್ದೆವು. ಅಣ್ಣ ಅವರ ಹಾಗೇ ಓಡಿ ಬರುತ್ತಿದ್ದ. ಒಂದು ಬೇಸಿಗೆ ರಜದ ಟೂರ್ನಮೆಂಟ್‌ನಲ್ಲಿ ಒಂದೇ ದಿನ ಮೂರು ಮ್ಯಾಚ್. ಮೂರರಲ್ಲೂ ಹೊಸ ಚೆಂಡು ಅವನಿಗೇ, ಕೊನೆ ಓವರ್‌ಗಳೂ ಅವನಿಗೇ. ಸಂಜೆ ಹೊತ್ತಿಗೆ ಭುಜ ನೋಯುತ್ತಿದೆ ಅಂದಾಗ ತಂಡದ ಹಿರಿಯರು ಹೇಳಿದ್ದು ಒಂದೇ ಮಾತು: “ಹಾಕ್ತಾ ಹಾಕ್ತಾ ಸರಿಹೋಗುತ್ತೆ, ಇನ್ನೊಂದು ಓವರ್ ಹಾಕು.” ಸರಿಹೋಗಲಿಲ್ಲ. 19ನೇ ವಯಸ್ಸಿಗೆ ಅವನ ಬೌಲಿಂಗ್ ಮುಗಿಯಿತು. ಇವತ್ತಿಗೂ ಅಟ್ಟದ ಮೇಲಿನ ಡಬ್ಬ ಇಳಿಸುವುದು ಎಡಗೈಯಲ್ಲೇ.

ಆ ಹಿರಿಯರು ಕೆಟ್ಟವರಲ್ಲ. ಅವರಿಗೂ ಯಾರೋ ಅದನ್ನೇ ಹೇಳಿಕೊಟ್ಟಿದ್ದರು. ಎಷ್ಟು ಎಸೆದ ಅಂತ ಯಾರೂ ಎಣಿಸಲಿಲ್ಲ, ಅಷ್ಟೇ. ವಿಕೆಟ್ ಎಣಿಸಿದರು, ರನ್ ಎಣಿಸಿದರು, ಅವನ ತೋಳನ್ನು ಎಣಿಸಲಿಲ್ಲ.

ಇಲ್ಲಿ ಎಣಿಕೆ ಶುರುವಾಗುವುದು ಹೇಗೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪ್ರತಿ ವರ್ಷ ಫೆಬ್ರವರಿ ಎರಡನೇ ವಾರದ ಹೊತ್ತಿಗೆ ದೊಡ್ಡ ಲೀಗ್‌ನ (ಮೇಜರ್ ಲೀಗ್ ಬೇಸ್‌ಬಾಲ್) 30 ತಂಡಗಳು ಬೆಚ್ಚಗಿನ ಊರುಗಳಿಗೆ ಬರುತ್ತವೆ. ಅರ್ಧ ತಂಡಗಳು ಫ್ಲೋರಿಡಾಗೆ, ಉಳಿದ 15 ನಮ್ಮ ಫೀನಿಕ್ಸ್ ಸುತ್ತಮುತ್ತ. ಮೊದಲು ಬರುವವರು ಪಿಚರ್‌ಗಳು ಮತ್ತು ಕ್ಯಾಚರ್‌ಗಳು. ಬ್ಯಾಟ್ ಮಾಡುವವರು ಕೆಲವು ದಿನ ತಡವಾಗಿ ಬಂದರೂ ಆಗುತ್ತದೆ. ತೋಳು ತಯಾರಾಗಲು ಎಲ್ಲಕ್ಕಿಂತ ಜಾಸ್ತಿ ದಿನ ಬೇಕು ಅನ್ನುವುದನ್ನು ಅವರ ಕ್ಯಾಲೆಂಡರೇ ಒಪ್ಪಿಕೊಂಡಿದೆ. ನನಗೆ ತುಂಬ ಹಿಡಿಸಿದ್ದು ಇದೇ.

ಮೊದಲು 20-25 ಎಸೆತ, ಬ್ಯಾಟರ್ ಇಲ್ಲದೆ. ಒಂದೆರಡು ದಿನ ಬಿಟ್ಟು ಮತ್ತೆ ಸ್ವಲ್ಪ ಜಾಸ್ತಿ. ಆಮೇಲೆ ತಮ್ಮದೇ ತಂಡದ ಬ್ಯಾಟರ್‌ಗಳಿಗೆ. ಎಸೆದು, ಬೆಂಚಿನ ಮೇಲೆ ಕೂತು, ಮತ್ತೆ ಎದ್ದು ಎಸೆಯುವ ಅಭ್ಯಾಸವೂ ಇದೆ. ಪಂದ್ಯದಲ್ಲಿ ಹಾಗೇ ಆಗುತ್ತದಲ್ಲ, ಕೂತಾಗ ಮೈ ತಣ್ಣಗಾಗುತ್ತದೆ, ಮತ್ತೆ ಏಳಬೇಕು. ಏಳುವುದಕ್ಕೂ ತರಬೇತಿ! ಆಮೇಲೆ ಅಭ್ಯಾಸ ಪಂದ್ಯಗಳು. ಮೊದಲ ಪಂದ್ಯದಲ್ಲಿ ಒಂದೆರಡು ಇನ್ನಿಂಗ್ಸ್ (ಇಲ್ಲಿ ಮೂವರು ಔಟಾದರೆ ಇನ್ನಿಂಗ್ಸ್ ಮುಗೀತು, ಒಂದು ಪಂದ್ಯಕ್ಕೆ ಒಂಬತ್ತು), ಸುಮಾರು 30 ಎಸೆತ. ಮುಂದೆ 45, 60, 75. ಮಾರ್ಚ್ ಕೊನೆಗೆ 90ರ ಹತ್ತಿರ.

ಒಂದು ಮಧ್ಯಾಹ್ನ ಅಣ್ಣ ಇನ್ನೊಂದು ವಿಚಿತ್ರ ಗಮನಿಸಿದ. ಪಿಚರ್ ಒಬ್ಬ ಎದುರಾಳಿಗಳನ್ನು ಬೇಗ ಬೇಗ ಔಟ್ ಮಾಡಿ ಹೊರಗೆ ಬಂದ. ಬಂದವನು ಕೂರಲಿಲ್ಲ. ಪಕ್ಕದ ಬುಲ್‌ಪೆನ್‌ಗೆ, ಅಂದರೆ ಪಿಚರ್‌ಗಳು ಮೈ ಬಿಸಿ ಮಾಡಿಕೊಳ್ಳುವ ಜಾಗಕ್ಕೆ, ಹೋಗಿ ಮತ್ತೆ ಎಸೆಯತೊಡಗಿದ. ಅವತ್ತಿನ ಲೆಕ್ಕಕ್ಕೆ ಇನ್ನೂ ಕೆಲವು ಎಸೆತ ಬಾಕಿ ಇತ್ತು. ಬೇರೆ ಕಡೆ ಅದಕ್ಕೆ ತಿರುವುಮುರುವು. ಒಂದೇ ಇನ್ನಿಂಗ್ಸ್‌ನಲ್ಲಿ ಜಾಸ್ತಿ ಎಸೆದವನನ್ನು ಮಧ್ಯದಲ್ಲೇ ತೆಗೆದರು, ಮುಂದಿನ ಇನ್ನಿಂಗ್ಸ್‌ಗೆ ಮತ್ತೆ ಕಳಿಸಿದರು. ಲೀಗ್ ಪಂದ್ಯದಲ್ಲಿ ಅದು ಸಾಧ್ಯವೇ ಇಲ್ಲ, ಹೊರಗೆ ಹೋದವನು ಹೋದ ಹಾಗೇ. ಈ ಆರು ವಾರ ಮಾತ್ರ ಪಂದ್ಯಕ್ಕಿಂತ ತೋಳು ದೊಡ್ಡದು. ಯಾರು ಗೆದ್ದರು ಅನ್ನುವುದನ್ನು ಮರುದಿನ ಯಾರೂ ನೆನಪಿಟ್ಟುಕೊಂಡಿರುವುದಿಲ್ಲ.

ಅಣ್ಣ ಅವತ್ತು ಹುಲ್ಲಿನ ಇಳಿಜಾರಿನ ಮೇಲೆ ಕೂತು ಹೇಳಿದ. “ಅಪ್ಪ ಹೊಸ ಹೋರಿಗೆ ಮೊದಲ ದಿನವೇ ಗಾಡಿ ಹೂಡ್ತಿದ್ರಾ? ಬರೀ ನೊಗ ಇಟ್ಟು ನಡೆಸೋರು. ಆಮೇಲೆ ಒಂದು ಮರದ ತುಂಡು ಎಳೆಸೋರು. ಹೆಗಲು ಗಟ್ಟಿ ಆದ್ಮೇಲೆ ನೇಗಿಲು. ಹೋರಿಗೆ ಇದ್ದ ಲೆಕ್ಕ ನನಗೆ ಇರಲಿಲ್ಲ ನೋಡು.”

ನಾನು ಏನೂ ಹೇಳಲಿಲ್ಲ.

ಈ ತಂಡದ ಪಿಚಿಂಗ್ ಪಡೆಯ ಕಥೆಯೂ ಅವತ್ತು ಕುತೂಹಲದ್ದೇ. 2024ರಲ್ಲಿ ಡೈಮಂಡ್‌ಬ್ಯಾಕ್ಸ್ 886 ರನ್ ಹೊಡೆದಿತ್ತು. ಇಡೀ ಲೀಗ್‌ನಲ್ಲಿ ಅದೇ ಹೆಚ್ಚು. ಆದರೂ ಪ್ಲೇಆಫ್ ತಪ್ಪಿತು. ಎಸೆಯುವವರು ರನ್ ಬಿಟ್ಟುಕೊಡುತ್ತಾ ಹೋದರೆ ಹೊಡೆದು ಏನು ಪ್ರಯೋಜನ? ಹಾಗಾಗಿ ಕಾರ್ಬಿನ್ ಬರ್ನ್ಸ್ ಅವರನ್ನು ಆರು ವರ್ಷಕ್ಕೆ 210 ಮಿಲಿಯನ್ ಡಾಲರ್ ಕೊಟ್ಟು ಕರೆತಂದರು. ಝ್ಯಾಕ್ ಗ್ಯಾಲನ್, ಎಡ್ವಾರ್ಡೊ ರೊಡ್ರಿಗೆಜ್, ಬ್ರ್ಯಾಂಡನ್ ಫಾಟ್ ಇದ್ದೇ ಇದ್ದರು. ಜೊತೆಗೆ ಮೆರಿಲ್ ಕೆಲ್ಲಿ. ನನಗೆ ಅವರ ಮೇಲೆ ವಿಶೇಷ ಪ್ರೀತಿ. ಇಲ್ಲೇ ಬೆಳೆದ ಹುಡುಗ. ಅವಕಾಶ ಸಿಗದೆ ಕೊರಿಯಾಗೆ ಹೋಗಿ ನಾಲ್ಕು ವರ್ಷ ಆಡಿ, 30ನೇ ವಯಸ್ಸಿಗೆ ದೊಡ್ಡ ಲೀಗ್‌ನಲ್ಲಿ ಮೊದಲ ಪಂದ್ಯ ಆಡಿದವರು. 2023ರ ವರ್ಲ್ಡ್ ಸೀರೀಸ್‌ನ (ದೊಡ್ಡ ಲೀಗ್‌ನ ಫೈನಲ್ ಸರಣಿ) ಎರಡನೇ ಪಂದ್ಯದಲ್ಲಿ ಏಳು ಇನ್ನಿಂಗ್ಸ್ ಎಸೆದು ಒಂದೇ ರನ್ ಕೊಟ್ಟರು. ಅವರ ಎಸೆತದಲ್ಲಿ ಭಯಂಕರ ವೇಗ ಇಲ್ಲ. ಬುದ್ಧಿ ಇದೆ.

ಪಂದ್ಯ ಶುರು ಮಾಡುವ ಪಿಚರ್‌ಗಳಿಗೆ ಜಾಗ ಐದೇ. 26 ಜನರ ತಂಡದಲ್ಲಿ ಪಿಚರ್‌ಗಳು 13ಕ್ಕಿಂತ ಜಾಸ್ತಿ ಇರುವಂತಿಲ್ಲ. ಹಾಗಾಗಿ ರೈನ್ ನೆಲ್ಸನ್ ಅನ್ನುವ ಹುಡುಗ ಹಿಂದಿನ ವರ್ಷ ಪಂದ್ಯ ಶುರು ಮಾಡಿದವನಾದರೂ ಬುಲ್‌ಪೆನ್‌ಗೆ, ಅಂದರೆ ಮಧ್ಯದಲ್ಲಿ ಬಂದು ಎಸೆಯುವವರ ಸಾಲಿಗೆ, ಹೋಗಬೇಕಾಯಿತು. ಆದರೆ ಅವನ ತೋಳು ತಯಾರಾಗಿತ್ತು. ಅದು ಎಷ್ಟು ಮುಖ್ಯ ಅಂತ ಜೂನ್‌ನಲ್ಲಿ ಗೊತ್ತಾಯಿತು.

ಇಲ್ಲಿಗೆ ನಿಲ್ಲಿಸಿದರೆ ಅಮೆರಿಕದವರದ್ದೇ ಸರಿ ಅಂತ ಬರೆದ ಹಾಗಾಗುತ್ತದೆ. ನಿಜ ಹಾಗಿಲ್ಲ. ಅಷ್ಟೆಲ್ಲ ಎಣಿಸಿದ ಆ ಮಾರ್ಚ್‌ನಲ್ಲೇ ಇದೇ ತಂಡದ ಇನ್ನೊಬ್ಬ ಪಿಚರ್ ಜೋರ್ಡನ್ ಮಾಂಟ್‌ಗೊಮೆರಿ ಅವರ ಮೊಣಕೈ ಹೋಯಿತು. ಅವರಿಗೆ ಅದು ಎರಡನೇ ಸಲ. ಜೂನ್‌ನಲ್ಲಿ ಬರ್ನ್ಸ್ ಅವರ ಮೊಣಕೈ. ಒಂದೇ ವರ್ಷದಲ್ಲಿ ಇಬ್ಬರಿಗೂ ಟಾಮಿ ಜಾನ್ ಶಸ್ತ್ರಚಿಕಿತ್ಸೆ. 1974ರಲ್ಲಿ ಡಾ. ಫ್ರ್ಯಾಂಕ್ ಜೋಬ್ ಮೊದಲ ಸಲ ಅದನ್ನು ಮಾಡಿದ್ದು ಟಾಮಿ ಜಾನ್ ಅನ್ನುವ ಪಿಚರ್‌ಗೆ. ಮೊಣಕೈಯ ಹರಿದ ಅಸ್ಥಿಬಂಧದ ಜಾಗಕ್ಕೆ ಮೈಯ ಬೇರೆ ಕಡೆಯಿಂದ ಸ್ನಾಯುರಜ್ಜು ತಂದು ಕೂರಿಸುವುದು. ಅವತ್ತು ಅದು ಪವಾಡ. ಇವತ್ತು ಇಲ್ಲಿ ಹೈಸ್ಕೂಲ್ ಮಕ್ಕಳ ಬಾಯಲ್ಲೂ ಆ ಹೆಸರು ಕೇಳುತ್ತೀರಿ. ಇದು ನನಗೆ ನೋವು ಕೊಡುವ ವಿಷಯ.

ಎಣಿಸಿದರೂ ಯಾಕೆ ಹೀಗೆ? ಒಂದೊಂದು ಎಸೆತವನ್ನೂ ಪೂರ್ತಿ ಬಲ ಹಾಕಿ ಎಸೆಯುವುದರಿಂದ. 2008ರಲ್ಲಿ ದೊಡ್ಡ ಲೀಗ್‌ನ ಫಾಸ್ಟ್‌ಬಾಲ್ ಸರಾಸರಿ ಗಂಟೆಗೆ 91 ಮೈಲಿ ಇತ್ತು. 2024ಕ್ಕೆ 94 ದಾಟಿತು, ನಮ್ಮ ಲೆಕ್ಕದಲ್ಲಿ 151 ಕಿಲೋಮೀಟರ್. ಅದು ಸರಾಸರಿ! 2024ರ ಡಿಸೆಂಬರ್‌ನಲ್ಲಿ ಲೀಗ್ ತಾನೇ ಹೊರಡಿಸಿದ ವರದಿಯೂ ವೇಗದ ಹಿಂದೆ ಓಡುವುದನ್ನೇ ದೊಡ್ಡ ಕಾರಣ ಅಂತ ಹೇಳಿತು. ಎಸೆತದ ಸಂಖ್ಯೆ ಇಳಿಯಿತು, ಒಂದೊಂದು ಎಸೆತದ ಭಾರ ಏರಿತು. ಪಕ್ಕದಲ್ಲೇ ಕ್ಯಾಮೆರಾ, ಟ್ಯಾಬ್ಲೆಟ್. ಎಸೆದ ಕೂಡಲೇ ವೇಗ ಎಷ್ಟು, ಚೆಂಡು ಎಷ್ಟು ತಿರುಗಿತು ಅಂತ ನೋಡುತ್ತಾರೆ. ಆ ನಂಬರ್ ಕಣ್ಣೆದುರಿಗೇ ಇದ್ದರೆ ಯಾರಿಗೆ ತಾನೇ ನಿಧಾನವಾಗಿ ಎಸೆಯಲು ಮನಸ್ಸು ಬರುತ್ತದೆ?

ನಮ್ಮ ಬೌಲರ್‌ಗಳು ಈ ವಿಷಯದಲ್ಲಿ ಜಾಣರು ಅಂತ ನನ್ನ ನಂಬಿಕೆ. ದಿನಕ್ಕೆ 20 ಓವರ್ ಹಾಕಬೇಕಾದವನು ಎಲ್ಲ ಚೆಂಡಿಗೂ ಪ್ರಾಣ ಬಿಡುವುದಿಲ್ಲ. ಲಯ ಹಿಡಿದು ಹಾಕುತ್ತಾನೆ. ಬೇಕಾದಾಗ ಬಲ ಹಾಕುತ್ತಾನೆ. 2025ರ ಇಂಗ್ಲೆಂಡ್ ಪ್ರವಾಸದಲ್ಲಿ ಸಿರಾಜ್ ಐದೂ ಟೆಸ್ಟ್ ಆಡಿ 1,113 ಚೆಂಡು ಹಾಕಿದರು. ಓವಲ್‌ನಲ್ಲಿ ಕೊನೆಯ ದಿನ ಬೆಳಗ್ಗೆಯೂ ಯಾರ್ಕರ್ ಹಾಕಿ ಪಂದ್ಯ ಗೆಲ್ಲಿಸಿದರು. ಅದನ್ನು ನೋಡಿದ ನನ್ನ ಆಫೀಸಿನ ಬೇಸ್‌ಬಾಲ್ ಗೆಳೆಯ ಬೆರಗಾಗಿ ಕೂತಿದ್ದ.

ಎರಡೂ ಆಟದಲ್ಲಿ ಮೈ ಒಡೆಯುವ ಜಾಗ ಬೇರೆ. ಪಿಚರ್ 10 ಇಂಚು ಎತ್ತರದ ದಿಬ್ಬದ ಮೇಲೆ ನಿಂತಲ್ಲಿಂದಲೇ ತೋಳು ಬಗ್ಗಿಸಿ ಬೀಸುತ್ತಾನೆ. ಭಾರವೆಲ್ಲ ಮೊಣಕೈಗೆ, ಭುಜಕ್ಕೆ. ನಮ್ಮವನು ಓಡಿ ಬಂದು, ತೋಳು ನೇರ ಇಟ್ಟು, ಮುಂಗಾಲು ಧಡ್ ಅಂತ ಊರುತ್ತಾನೆ. ಆ ಪೆಟ್ಟು ಸೊಂಟಕ್ಕೆ, ಬೆನ್ನುಮೂಳೆಗೆ. ಬುಮ್ರಾ 2023ರಲ್ಲಿ ಬೆನ್ನಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ನಮ್ಮ ಬೆಂಗಳೂರಿನ ಪ್ರಸಿದ್ಧ್ ಕೃಷ್ಣ ಅದೇ ವರ್ಷ ಬೆನ್ನಿನ ಗಾಯದಿಂದ ಐಪಿಎಲ್ ಪೂರ್ತಿ ತಪ್ಪಿಸಿಕೊಂಡರು. ಭುಜವೂ ಬಿಟ್ಟಿಲ್ಲ. ಶ್ರೀನಾಥ್ 1997ರಲ್ಲಿ ಭುಜದ ಗಾಯದಿಂದಲೇ ವೆಸ್ಟ್ ಇಂಡೀಸ್ ಪ್ರವಾಸಕ್ಕೆ ಹೋಗಲಾಗಲಿಲ್ಲ.

ಆದರೆ ನಮ್ಮಲ್ಲಿ ಆ ಆರು ವಾರ ಎಲ್ಲಿದೆ? 2025ರ ಐಪಿಎಲ್‌ನಲ್ಲಿ ಪ್ರಸಿದ್ಧ್ 25 ವಿಕೆಟ್ ತೆಗೆದು ಪರ್ಪಲ್ ಕ್ಯಾಪ್ ಗೆದ್ದರು. ಫೈನಲ್ ಜೂನ್ 3ಕ್ಕೆ. ಜೂನ್ 20ಕ್ಕೆ ಲೀಡ್ಸ್‌ನಲ್ಲಿ ಟೆಸ್ಟ್. ಎರಡು ತಿಂಗಳು ಪಂದ್ಯಕ್ಕೆ ನಾಲ್ಕು ಓವರ್ ಹಾಕಿದ ಮೈ ಎರಡೂವರೆ-ಮೂರು ವಾರದಲ್ಲಿ ದಿನಕ್ಕೆ 20 ಓವರ್‌ಗೆ ತಯಾರಾಗಬೇಕು. 2023ರಲ್ಲಿ ಟೆಸ್ಟ್ ಚಾಂಪಿಯನ್‌ಶಿಪ್ ಫೈನಲ್‌ಗೆ ಸಿಕ್ಕಿದ್ದು ಬರೀ ಒಂದು ವಾರ ಚಿಲ್ಲರೆ. ಇದು ಆಟಗಾರರ ತಪ್ಪಲ್ಲ, ಕ್ಯಾಲೆಂಡರ್ ಹಾಕುವವರ ತಪ್ಪು. ಇಲ್ಲಿ 162 ಪಂದ್ಯದ ಸೀಸನ್ ಇದೆ, ದುಡ್ಡಿನ ಆಸೆ ಇವರಿಗೂ ಕಡಿಮೆ ಇಲ್ಲ. ಆದರೂ ಆ ಆರು ವಾರಕ್ಕೆ ಯಾರೂ ಕೈ ಹಾಕುವುದಿಲ್ಲ.

ಭಾರತ ತಂಡದ ಬೌಲರ್‌ಗಳ ಲೆಕ್ಕ ಇಡಲು ಈಗ ಬೆಂಗಳೂರಿನಲ್ಲೇ ದೊಡ್ಡ ಕೇಂದ್ರ ಇದೆ. ಫಿಸಿಯೋಗಳಿದ್ದಾರೆ, ಯಂತ್ರಗಳಿವೆ. ಅವರ ಬಗ್ಗೆ ನನಗೆ ಅಷ್ಟು ಚಿಂತೆ ಇಲ್ಲ. ನನ್ನ ಚಿಂತೆ ಅರಸೀಕೆರೆಯಲ್ಲೋ ದಾವಣಗೆರೆಯಲ್ಲೋ ಭಾನುವಾರ ಬೆಳಗ್ಗೆ ಚೆಂಡು ಹಿಡಿದು ಹೊರಟ 13 ವರ್ಷದ ಹುಡುಗನದ್ದು. ಅವನನ್ನು ಯಾರು ಎಣಿಸುತ್ತಾರೆ?

ಇಲ್ಲಿ ನನ್ನ 11 ವರ್ಷದ ಮಗನನ್ನು ಎಣಿಸುತ್ತಾರೆ. ಮಕ್ಕಳ ಬೇಸ್‌ಬಾಲ್ ನಡೆಸುವ ಲಿಟಲ್ ಲೀಗ್ 2007ರಿಂದ ಎಸೆತದ ಮಿತಿ ತಂದಿದೆ. ಅವನ ವಯಸ್ಸಿಗೆ ದಿನಕ್ಕೆ 85. 66 ಮುಟ್ಟಿದರೆ ನಾಲ್ಕು ದಿನ ಪಿಚ್ ಮಾಡುವಂತಿಲ್ಲ. ಯಾರದೋ ತಾಯಿ ಬೆಂಚಿನ ಮೇಲೆ ಕೂತು ಒಂದೊಂದು ಎಸೆತಕ್ಕೂ ಕೈಯಲ್ಲಿನ ಕೌಂಟರ್ ಒತ್ತುತ್ತಾ ಇರುತ್ತಾರೆ. ಅದಕ್ಕೆ ಯಂತ್ರವೂ ಬೇಡ, ಡಾಕ್ಟರೂ ಬೇಡ.

ಅಣ್ಣ ಇದ್ದಾಗಲೇ, ಮಾರ್ಚ್‌ನಲ್ಲಿ, ಮಗನ ಒಂದು ಪಂದ್ಯ. ಮಗ ಚೆನ್ನಾಗಿ ಎಸೆಯುತ್ತಿದ್ದ. ಇನ್ನೊಬ್ಬನನ್ನು ಔಟ್ ಮಾಡಿದರೆ ಇನ್ನಿಂಗ್ಸ್ ಮುಗಿಯುತ್ತಿತ್ತು. 65 ಆಯಿತು. ಕೋಚ್ ಎದ್ದು ಬಂದರು, ಅವನ ಹೆಗಲ ಮೇಲೆ ಕೈ ಇಟ್ಟು ಚೆಂಡು ತೆಗೆದುಕೊಂಡರು. ಮಗನ ಕಣ್ಣು ತುಂಬಿತು. ನನಗೆ ಕೋಪ ಬಂತು, ಎದ್ದು ನಿಂತೆ. ಇನ್ನೊಂದೇ ಒಂದು, ಹಾಕಲಿ ಬಿಡಿ ಅನ್ನುವ ಮಾತು ಬಾಯಿಗೆ ಬಂದೇ ಬಂತು. ಅಣ್ಣ ನನ್ನ ಅಂಗಿ ಹಿಡಿದು ಎಳೆದು ಕೂರಿಸಿದ.

“ಸುಮ್ನೆ ಕೂತ್ಕೋ. ಒಳ್ಳೇದೇ ಆಯ್ತು” ಅಂದ.

ಆಮೇಲೆ ಮಗ ಬಂದಾಗ ಅವನ ಬಲ ತೋಳನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ಭುಜದಿಂದ ಮಣಿಕಟ್ಟಿನವರೆಗೂ ಒತ್ತಿ ಒತ್ತಿ ನೋಡಿದ. ಎಲ್ಲಾದರೂ ನೋವಿದೆಯಾ ಅಂತ ಮೂರು ಸಲ ಕೇಳಿದ. “ಇಲ್ಲ ದೊಡ್ಡಪ್ಪ” ಅಂದರೂ ಬಿಡಲಿಲ್ಲ.

ಏಪ್ರಿಲ್‌ನಲ್ಲಿ ಅಣ್ಣ ಊರಿಗೆ ಹೊರಟ. ಜೂನ್‌ನಲ್ಲಿ ಬರ್ನ್ಸ್ ಗಾಯಗೊಂಡಾಗ ಆ ಜಾಗಕ್ಕೆ ರೈನ್ ನೆಲ್ಸನ್ ಬಂದು ಚೆನ್ನಾಗಿ ಆಡಿದ. ಆ ಸುದ್ದಿ ಹೇಳಲು ಫೋನ್ ಮಾಡಿದ್ದೆ. ಅಣ್ಣನ ದನಿ ಏರಿತ್ತು. ಈಗ ಭಾನುವಾರ ಬೀದಿಯ ಎಂಟು ಹುಡುಗರಿಗೆ ಬೌಲಿಂಗ್ ಹೇಳಿಕೊಡುತ್ತಿದ್ದಾನಂತೆ. 100 ಪುಟದ ನೋಟ್‌ಬುಕ್ ತಂದು ಒಬ್ಬೊಬ್ಬನಿಗೂ ಹತ್ತು ಪುಟ ಬಿಟ್ಟಿದ್ದಾನೆ. ಅವರಲ್ಲಿ ಒಬ್ಬನಿಗೆ ತುಂಬ ವೇಗವಂತೆ. ಅವನ ಪುಟ ಓದಿ ಹೇಳಿದ.

“ಭಾನುವಾರ. ಆರು ಓವರ್. ಸಾಕು ಅಂದೆ. ಇನ್ನೊಂದು ಹಾಕ್ತೀನಿ ಅಂದ. ಚೆಂಡು ಈಸ್ಕೊಂಡೆ.”