ಹಾಡು ಹುಡುಕೋಕೆ ಹಣ ಇದೆ, ಹಾಡು ಕಲಿಸೋಕೆ ಇಲ್ಲ

ಸ್ಟಾರ್ಟಪ್ ಫಂಡಿಂಗ್ ಸುದ್ದಿ ಓದುವಾಗಲೆಲ್ಲ ನನ್ನನ್ನು ಒಂದು ಪ್ರಶ್ನೆ ಕಾಡುತ್ತದೆ. ಸಂಗೀತ ಕೇಳಿಸುವ ಆ್ಯಪ್‌ಗಳಿಗೆ ಕೋಟಿಗಟ್ಟಲೆ ಡಾಲರ್ ಸಿಗುತ್ತದೆ. ಸಂಗೀತ ಕಲಿಸುವವರ ತನಕ ಆ ಹಣ ಯಾಕೆ ಬರುವುದಿಲ್ಲ? ಬಂದರೂ ಯಾಕೆ ನಿಲ್ಲುವುದಿಲ್ಲ?

ಇದಕ್ಕೆ ಯಾರೋ ಒಬ್ಬರ ದುರಾಸೆ ಕಾರಣ ಅಂತ ಹೇಳುವುದು ಸುಲಭ. ನನಗೆ ಹಾಗೆ ಅನಿಸುವುದಿಲ್ಲ. ಆ ಹಣದ ಲೆಕ್ಕಾಚಾರವೇ ಬೇರೆ. ಹೊಸ ಕಂಪನಿಗಳಿಗೆ ಹಣ ಹಾಕಿ ಪಾಲು ಪಡೆಯುವ ವೆಂಚರ್ ಫಂಡ್‌ಗೆ ಪೆನ್ಷನ್ ನಿಧಿಗಳು, ವಿಶ್ವವಿದ್ಯಾಲಯಗಳ ದತ್ತಿ ನಿಧಿಗಳು, ಸಿರಿವಂತ ಕುಟುಂಬಗಳು ದುಡ್ಡು ಕೊಡುತ್ತವೆ. ಸಾಮಾನ್ಯವಾಗಿ ಹತ್ತು ವರ್ಷದ ಕರಾರು. ಮೊದಲ ನಾಲ್ಕೈದು ವರ್ಷ ಕಂಪನಿಗಳಿಗೆ ಹಣ ಹಾಕುತ್ತಾರೆ. ಉಳಿದ ವರ್ಷಗಳಲ್ಲಿ ಪಾಲು ಮಾರಿ ಲಾಭದ ಜೊತೆ ವಾಪಸ್ ಕೊಡಬೇಕು. ಹಾಕಿದ ಹಣ ಜಾಸ್ತಿ ಕಡೆ ಮುಳುಗುತ್ತದೆ ಅಂತ ಅವರಿಗೂ ಗೊತ್ತು. ಹಾಗಾಗಿ ಗೆಲ್ಲುವ ಒಂದೆರಡು ಕಂಪನಿಗಳೇ ಇಡೀ ಫಂಡಿನ ದುಡ್ಡು ತಂದುಕೊಡುವಷ್ಟು ದೊಡ್ಡದಾಗಬೇಕು. ನೂರು ಮಕ್ಕಳಿಗೆ ಚೆನ್ನಾಗಿ ಕಲಿಸಿ, ಖರ್ಚು ಕಳೆದು ಒಂದಿಷ್ಟು ಉಳಿಸುವ ಸಂಸ್ಥೆ ಈ ಲೆಕ್ಕಕ್ಕೆ ಸಿಗುವುದೇ ಇಲ್ಲ.

ಆದರೆ ಹಾಡು ಹುಡುಕಿಕೊಡುವ ಕೆಲಸಕ್ಕೆ ಈ ಹಣ ಚೆನ್ನಾಗಿ ಒಗ್ಗಿತು. ಹಾಡು ಕೇಳಿಸುವ ಆ್ಯಪ್ ಸ್ಪಾಟಿಫೈ 2008ರಲ್ಲಿ ಸ್ವೀಡನ್‌ನಲ್ಲಿ ಶುರುವಾದಾಗ ಅದಕ್ಕೆ ಬಲ ಕೊಟ್ಟದ್ದು ವೆಂಚರ್ ಹಣವೇ. ಇಡೀ ವರ್ಷಕ್ಕೆ ಲಾಭ ತೋರಿಸಲು ಆ ಕಂಪನಿಗೆ 2024 ಬರಬೇಕಾಯಿತು. ಅಷ್ಟು ವರ್ಷ ಯಾರೋ ನಷ್ಟ ಹೊತ್ತರು, ನಾವು ಹಾಡು ಕೇಳಿದೆವು. ನನ್ನಂಥವರಿಗೆ ಇದರಿಂದ ನಿಜವಾಗಿ ಲಾಭವಾಗಿದೆ. ಮಲ್ಲಿಕಾರ್ಜುನ ಮನ್ಸೂರರ ಒಂದು ಅಪರೂಪದ ರಾಗ ಕೇಳಬೇಕೆಂದರೆ ಒಂದು ಕಾಲದಲ್ಲಿ ಕ್ಯಾಸೆಟ್ ಇಟ್ಟುಕೊಂಡವರ ಮನೆ ಹುಡುಕಬೇಕಿತ್ತು. ಈಗ ಬಸ್ಸಿನಲ್ಲಿ ಕೂತು ಕೇಳುತ್ತೇನೆ. ಹೊರದೇಶದಲ್ಲಿರುವ ನನ್ನ ಸ್ನೇಹಿತರು ಬಸವರಾಜ ರಾಜಗುರು ಅವರ ವಚನ ಗಾಯನವನ್ನು ಅಡುಗೆಮನೆಯಲ್ಲಿ ಹಾಕಿಕೊಂಡು ಕೇಳುತ್ತಾರೆ. ಇದನ್ನು ಚಿಕ್ಕದು ಅಂತ ನಾನು ಯಾವತ್ತೂ ಅನ್ನುವುದಿಲ್ಲ.

ಆದರೆ ಆ ವ್ಯವಸ್ಥೆಯ ಒಳಗೆ ಒಂದು ಅಳತೆಗೋಲಿದೆ. ನನ್ನ ತಕರಾರು ಅಲ್ಲಿಂದ ಶುರುವಾಗುತ್ತದೆ. 30 ಸೆಕೆಂಡ್ ಕೇಳಿದರೆ ಅದು ಒಂದು ಸ್ಟ್ರೀಮ್, ಹಾಡಿನವರಿಗೆ ದುಡ್ಡು ಸಿಗುವುದು ಈ ಎಣಿಕೆಯ ಮೇಲೆ. ಮೂರು ನಿಮಿಷದ ಸಿನಿಮಾ ಹಾಡಿಗೂ ಒಂದು ಸ್ಟ್ರೀಮ್, ನಲವತ್ತು ನಿಮಿಷ ನಿಧಾನವಾಗಿ ಹಾಡುವ ವಿಲಂಬಿತ್ ಖಯಾಲಿಗೂ ಒಂದೇ ಸ್ಟ್ರೀಮ್. ಇನ್ನೊಂದು ನಿಯಮ 2024ರಿಂದ ಬಂದಿದೆ. ಹಿಂದಿನ 12 ತಿಂಗಳಲ್ಲಿ ಕನಿಷ್ಠ 1000 ಸ್ಟ್ರೀಮ್ ಆಗದ ಹಾಡಿಗೆ ಸ್ಪಾಟಿಫೈ ರೆಕಾರ್ಡಿಂಗ್ ರಾಯಲ್ಟಿ, ಅಂದರೆ ಆ ರೆಕಾರ್ಡಿಂಗ್‌ಗೆ ಸಿಗುವ ದುಡ್ಡು, ಲೆಕ್ಕ ಹಾಕುವುದಿಲ್ಲ. ಒಬ್ಬೊಬ್ಬರ ಲೆಕ್ಕದಲ್ಲಿ ಅದು ಪುಡಿಗಾಸು ಇರಬಹುದು. ಆದರೂ ತತ್ವಪದ ಹಾಡುವ ಒಂದು ತಂಡಕ್ಕೆ, ಈಗಷ್ಟೇ ವೇದಿಕೆ ಹತ್ತುತ್ತಿರುವ ಹುಡುಗಿಗೆ ಅದು ಏನು ಹೇಳುತ್ತದೆ ಅಂತ ಯೋಚಿಸಿ.

ಭೀಮಸೇನ ಜೋಶಿಯವರ ಕಥೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಗದುಗಿನ ಹುಡುಗ ಗ್ರಾಮಫೋನ್ ರೆಕಾರ್ಡಿನಲ್ಲಿ ಅಬ್ದುಲ್ ಕರೀಂ ಖಾನ್ ಅವರ ಠುಮ್ರಿ ಕೇಳಿದ. 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟ. ಆ ರೆಕಾರ್ಡ್ ಅವನ ಕಿವಿ ಮುಟ್ಟಲು ಕೂಡ ಒಂದು ದೊಡ್ಡ ಕಂಪನಿಯ ಬಂಡವಾಳ ಬೇಕಾಗಿತ್ತು, ಅದು ನಿಜ. ಕೇಳಲು ಹಿಡಿದದ್ದು ಕೆಲವೇ ನಿಮಿಷ. ಗ್ವಾಲಿಯರ್ ಕಡೆಯೆಲ್ಲ ಅಲೆದು ಕುಂದಗೋಳದ ಸವಾಯಿ ಗಂಧರ್ವರ ಹತ್ತಿರ ಕಲಿಯಲು ಶುರು ಮಾಡಿದ್ದು 1936ರಲ್ಲಿ. ಜೋಶಿಯವರದೇ ಮೊದಲ ರೆಕಾರ್ಡ್ ಎಚ್‌ಎಂವಿ ಕಂಪನಿಯಿಂದ ಬಂದದ್ದು 1942ರಲ್ಲಿ, ಭಕ್ತಿಗೀತೆಗಳು. ನಡುವಿನ ಒಂಬತ್ತು ವರ್ಷಗಳಿಗೆ ಯಾವ ಕಂಪನಿಯೂ ದುಡ್ಡು ಹಾಕಿರಲಿಲ್ಲ. ಗುರುವಿನ ಮನೆಯ ಊಟ, ಅಲ್ಲಿಯ ನೀರು ಹೊರುವ ಕೆಲಸ, ದಿನಾ ರಿಯಾಜ್, ಅಂದರೆ ಹಾಡಿನ ಅಭ್ಯಾಸ. ಹಾಡುಗಾರ ತಯಾರಾಗಿದ್ದು ಅಲ್ಲಿ.

ಕಲಿಕೆಗೂ ವೆಂಚರ್ ಹಣ ಬಂದ ಕಾಲ ಒಂದಿತ್ತು, ಅದನ್ನು ನಾವೆಲ್ಲ ನೋಡಿದ್ದೇವೆ. 2020 ಮತ್ತು 2021ರಲ್ಲಿ ಅಮೆರಿಕದಲ್ಲಿ ಬಡ್ಡಿ ಸೊನ್ನೆಯ ಹತ್ತಿರ ಇತ್ತು, ಕೋವಿಡ್‌ನಿಂದ ಶಾಲೆಗಳು ಮುಚ್ಚಿದ್ದವು. ಲಾಭ ಹುಡುಕುವ ಹಣ ಪ್ರವಾಹದಂತೆ ಬಂತು. ಆನ್‌ಲೈನ್ ಪಾಠದ ಕಂಪನಿ ಬೈಜೂಸ್ 2020ರಲ್ಲಿ ಮಕ್ಕಳಿಗೆ ಕೋಡಿಂಗ್ ಕಲಿಸುವ ವೈಟ್‌ಹ್ಯಾಟ್ ಜೂನಿಯರ್ ಅನ್ನು 30 ಕೋಟಿ ಡಾಲರ್‌ಗೆ ಕೊಂಡಿತು. 2022ರಲ್ಲಿ ಬೈಜೂಸ್‌ನ ಮೌಲ್ಯ 2,200 ಕೋಟಿ ಡಾಲರ್ ಅಂದರು. ಅದೇ ವರ್ಷ ಅಮೆರಿಕದ ಫೆಡರಲ್ ರಿಸರ್ವ್ ಬಡ್ಡಿ ಏರಿಸಲು ಶುರು ಮಾಡಿತು, ಹಣ ಬತ್ತಿತು. 2024ರ ಜುಲೈನಲ್ಲಿ ಬೈಜೂಸ್‌ನ ಮಾತೃಸಂಸ್ಥೆ ಕಂಪನಿ ವ್ಯಾಜ್ಯ ನೋಡುವ ಬೆಂಗಳೂರಿನ ಎನ್‌ಸಿಎಲ್‌ಟಿ ನ್ಯಾಯಮಂಡಳಿಯಲ್ಲಿ ದಿವಾಳಿ ಪ್ರಕ್ರಿಯೆಗೆ ಒಳಗಾಯಿತು. ಕ್ರಿಕೆಟ್ ಮಂಡಳಿಗೆ ಕೊಡಬೇಕಿದ್ದ 158 ಕೋಟಿ ರೂಪಾಯಿಯ ಬಾಕಿಗಾಗಿ ಹಾಕಿದ ಅರ್ಜಿ ಅದು. ಗಮನಿಸಿ, ಆ ಬಾಕಿ ಯಾವ ಮೇಷ್ಟ್ರ ಸಂಬಳದ್ದೂ ಅಲ್ಲ. ಕಲಿಕೆಯ ಕಂಪನಿಯೊಂದು ಟೀಮ್ ಇಂಡಿಯಾದ ಜೆರ್ಸಿಗೆ ಪ್ರಾಯೋಜಕತ್ವ ಕೊಟ್ಟದ್ದರ ಬಾಕಿ.

ನಮ್ಮ ಮಗಳು ಆ ದಿನಗಳಲ್ಲಿ ಒಂದು ಆನ್‌ಲೈನ್ ಸಂಗೀತ ಕ್ಲಾಸ್‌ಗೆ ಸೇರಿದ್ದಳು. ಯಾವುದು ಅಂತ ಬೇಡ. ಟೀಚರ್ ತುಂಬಾ ಒಳ್ಳೆಯವರು. ಅವಳ ಶ್ರುತಿ ಎಲ್ಲಿ ಜಾರುತ್ತದೆ ಅಂತ ಅವರಿಗೆ ಗೊತ್ತಾಗುವ ಹೊತ್ತಿಗೆ ಅವರನ್ನು ಬದಲಾಯಿಸಿದರು. ಹೊಸಬರು ಮತ್ತೆ ಮೊದಲ ಪಾಠವಾದ ಸರಳೆ ವರಸೆಯಿಂದ ಶುರು ಮಾಡಿದರು. ಅವರೂ ಹೋದರು. ಕ್ಲಾಸ್ ನಡುವೆ ಪ್ಯಾಕೇಜ್ ಮುಂದುವರಿಸಿ ಅನ್ನುವ ಫೋನ್ ಮಾತ್ರ ತಪ್ಪದೆ ಬರುತ್ತಿತ್ತು. ಈಗ ಅವಳು ಬಸವನಗುಡಿಯಲ್ಲಿ ಒಬ್ಬ ಮೇಡಂ ಹತ್ತಿರ ಕಲಿಯುತ್ತಿದ್ದಾಳೆ. ಅವರು ಒಂದು ಗೀತೆ ಸರಿಯಾಗಿ ಬರುವ ತನಕ ಮುಂದಕ್ಕೆ ಹೋಗುವುದಿಲ್ಲ.

ಹಾಗಂತ ಕಲಿಕೆಯಲ್ಲಿ ಹೊಸತನ ಬೇಡ ಅನ್ನುತ್ತಿಲ್ಲ. ನಮ್ಮ ಬೆಂಗಳೂರಲ್ಲೇ ಅದಕ್ಕೊಂದು ಒಳ್ಳೆಯ ಉದಾಹರಣೆ ಇದೆ. ವಿಮಾನ ತಯಾರಿಸುವ ಎಚ್‌ಎಎಲ್‌ನಲ್ಲಿ ಎಂಜಿನಿಯರ್ ಆಗಿದ್ದ, ಕೊಳಲು ನುಡಿಸುತ್ತಿದ್ದ ಜಿ. ರಾಜ್‌ನಾರಾಯಣ್ 1970ರ ದಶಕದ ಕೊನೆಗೆ ಹಾಡುವವರಿಗೆ ಆಧಾರ ಸ್ವರ ನುಡಿಸುತ್ತಲೇ ಇರುವ ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆ ಮಾಡಿದರು. ರಾಡೆಲ್ ಅನ್ನುವ ಅವರ ಕಂಪನಿಯ ಪೆಟ್ಟಿಗೆ ಸಂಗೀತ ಕಲಿಯುವ ಎಷ್ಟೋ ಮನೆಗಳಲ್ಲಿದೆ. ಅದಕ್ಕಿಂತ ಮೊದಲು ಒಬ್ಬರೇ ಅಭ್ಯಾಸ ಮಾಡಬೇಕೆಂದರೆ ತಂಬೂರಿ ನುಡಿಸಲು ಇನ್ನೊಬ್ಬರು ಬೇಕು, ಇಲ್ಲವೇ ನೀವೇ ಹಿಡಿದುಕೊಂಡು ಕೂರಬೇಕು. ಆ ಪೆಟ್ಟಿಗೆ ಗುರುವಿನ ಜಾಗಕ್ಕೆ ಕೈ ಹಾಕಲಿಲ್ಲ. ಗುರು ಇಲ್ಲದ ಹೊತ್ತಿನಲ್ಲಿ ಅಭ್ಯಾಸ ನಿಲ್ಲದ ಹಾಗೆ ನೋಡಿಕೊಂಡಿತು. ಸ್ವತಃ ಸಂಗೀತ ಅಭ್ಯಾಸ ಮಾಡಿದವರಿಗೆ ಮಾತ್ರ ಇಂಥದ್ದು ಹೊಳೆಯುತ್ತದೆ.

ಇನ್ನು ಗದಗಿನ ವೀರೇಶ್ವರ ಪುಣ್ಯಾಶ್ರಮ. ಸಂಗೀತ ಕಲಿಸಲು ಹಣ ಎಲ್ಲಿಂದ ಬರಬೇಕು ಅನ್ನುವ ಪ್ರಶ್ನೆಗೆ ನನಗೆ ಗೊತ್ತಿರುವ ಅತ್ಯುತ್ತಮ ಉತ್ತರ ಅಲ್ಲಿದೆ. ಪಂಚಾಕ್ಷರಿ ಗವಾಯಿಗಳಿಗೆ ಕಣ್ಣು ಕಾಣುತ್ತಿರಲಿಲ್ಲ. ಅವರ ನಂತರ ಆಶ್ರಮ ನಡೆಸಿದ ಪುಟ್ಟರಾಜ ಗವಾಯಿಗಳಿಗೂ ಕಾಣುತ್ತಿರಲಿಲ್ಲ. ಕಣ್ಣಿಲ್ಲದ ಮಕ್ಕಳಿಗೆ, ಬಡವರ ಮಕ್ಕಳಿಗೆ ಊಟ, ವಸತಿ, ಸಂಗೀತ ಪಾಠ, ಎಲ್ಲ ಉಚಿತ. ದುಡ್ಡಿಗಾಗಿ ನಾಟಕ ಕಂಪನಿ ಕಟ್ಟಿ ಊರೂರು ಸುತ್ತಿದರು. ಪುಟ್ಟರಾಜರು ನಾಟಕ ಬರೆದರು, ಪಾತ್ರ ಮಾಡಿದರು. ಹಳ್ಳಿಗಳ ಭಕ್ತರು ದವಸ ಧಾನ್ಯ ಕೊಟ್ಟರು. ಜನ ಗವಾಯಿಗಳಿಗೆ ತುಲಾಭಾರ ಮಾಡಿದರು, ಆ ಹಣ ಆಶ್ರಮಕ್ಕೆ ಹೋಯಿತು. 2010ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಉತ್ತರ ಕರ್ನಾಟಕದ ಎಷ್ಟೋ ಊರುಗಳಲ್ಲಿ ಅಲ್ಲಿ ಕಲಿತ ಒಬ್ಬ ಸಂಗೀತ ಮೇಷ್ಟ್ರು, ಒಬ್ಬ ತಬಲಾ ವಾದಕ, ಒಬ್ಬ ಕೀರ್ತನಕಾರ ಇದ್ದರು.

ಬಸವರಾಜ ರಾಜಗುರು ಪಂಚಾಕ್ಷರಿ ಗವಾಯಿಗಳ ಶಿಷ್ಯರು. ಪಂಡಿತ್ ವೆಂಕಟೇಶ ಕುಮಾರ್ ಪುಟ್ಟರಾಜರ ಶಿಷ್ಯರು. ಬಳ್ಳಾರಿ ಸೀಮೆಯ ಹುಡುಗನನ್ನು ಆಶ್ರಮಕ್ಕೆ ತಂದು ಬಿಟ್ಟವರು ಸೋದರಮಾವ, ತೊಗಲು ಗೊಂಬೆ ಆಟದ ಹೆಸರಾಂತ ಕಲಾವಿದ ಬೆಳಗಲ್ಲು ವೀರಣ್ಣ. ಹುಡುಗ ಅಲ್ಲಿ ಹತ್ತಕ್ಕೂ ಹೆಚ್ಚು ವರ್ಷ ಇದ್ದ. ಆಮೇಲೆ ಧಾರವಾಡದ ಸಂಗೀತ ಕಾಲೇಜಿನಲ್ಲಿ ದಶಕಗಳ ಕಾಲ ಪಾಠ ಮಾಡಿದರು. 2016ರಲ್ಲಿ ಪದ್ಮಶ್ರೀ ಬಂತು. ಇವತ್ತು ಯೂಟ್ಯೂಬ್‌ನಲ್ಲಿ ಅವರ ಹಾಡು ಕೇಳಿ ಲಂಡನ್‌ನವರು, ಲಾಹೋರ್‌ನವರು ಬೆರಗಾಗುತ್ತಾರೆ. ಹುಡುಕಿಕೊಟ್ಟದ್ದು ಅಮೆರಿಕದ ಕಂಪನಿ, ಸರಿ. ಆ ಗಂಟಲು ತಯಾರಾದದ್ದು ಉತ್ತರ ಕರ್ನಾಟಕದ ಜೋಳದ ರೊಟ್ಟಿಯಲ್ಲಿ. ಹತ್ತು ವರ್ಷದ ಕರಾರಿನ ಯಾವ ಫಂಡೂ ಆ ಹುಡುಗನಿಗೆ ಕಾಯುತ್ತಿರಲಿಲ್ಲ.

ಈಗ ಹಣದ ದಿಕ್ಕು ಎಐ ಕಡೆಗೆ ತಿರುಗಿದೆ. ನಾಲ್ಕು ಸಾಲು ಬರೆದರೆ ಹಾಡು ಮಾಡಿಕೊಡುವ ಸೂನೊ ಕಂಪನಿ 2024ರ ಮೇ ತಿಂಗಳಲ್ಲಿ 12.5 ಕೋಟಿ ಡಾಲರ್ ಪಡೆಯಿತು. ಮುಂದಿನ ತಿಂಗಳೇ ದೊಡ್ಡ ರೆಕಾರ್ಡ್ ಕಂಪನಿಗಳು ಅದರ ಮೇಲೆ ಕೇಸ್ ಹಾಕಿದವು. ತಂತ್ರಜ್ಞಾನದ ಬಗ್ಗೆ ನನಗೆ ಭಯ ಇಲ್ಲ, ನನ್ನ ಹೊಟ್ಟೆಪಾಡೇ ಅದು. ಆದರೆ ಕಲಿಯುವ ವರ್ಷಗಳೇ ಬೇಡದ ಸಂಗೀತಕ್ಕೆ ಇಷ್ಟು ಬೇಗ ಇಷ್ಟು ದುಡ್ಡು ಸಿಗುತ್ತದೆ ಅನ್ನುವುದು ನನಗೆ ನೋವು ಕೊಡುತ್ತದೆ.

ವೆಂಚರ್ ಫಂಡ್‌ಗಳನ್ನು ಬದಲಾಗಿ ಅಂತ ಬೇಡುವುದರಲ್ಲಿ ಅರ್ಥವಿಲ್ಲ. ಆದರೆ ಅದೇ ಬೆಂಗಳೂರಿನಲ್ಲಿ ಇನ್ನೊಂದು ಹಣ ಇದೆ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಸಿಎಸ್‌ಆರ್‌ಗೆ, ಅಂದರೆ ಸಮಾಜದ ಕೆಲಸಗಳಿಗೆ, ಖರ್ಚು ಮಾಡಬೇಕು. ಶಿಕ್ಷಣ, ಕಲೆ, ಸಂಸ್ಕೃತಿ ಎಲ್ಲವೂ ಆ ಪಟ್ಟಿಯಲ್ಲಿವೆ. ಒಂದು ದಿನದ ಸಂಗೀತೋತ್ಸವಕ್ಕೆ ಬ್ಯಾನರ್ ಹಾಕಿಸುವ ಬದಲು ಒಬ್ಬ ಗುರುವಿಗೆ ಹದಿನೈದು ವರ್ಷ ತಿಂಗಳ ಸಂಬಳ ಕೊಡಿ. ಅವರ ಹತ್ತಿರ ಕಲಿಯುವ ನಾಲ್ಕು ಮಕ್ಕಳಿಗೆ ಊಟ, ಬಸ್ ಚಾರ್ಜು ಕೊಡಿ. ವರ್ಷಕ್ಕೊಮ್ಮೆ ಎಷ್ಟು ಮಕ್ಕಳಾದರು ಅಂತ ಲೆಕ್ಕ ಕೇಳಬೇಡಿ, ಬಂದು ಕೂತು ಅವರ ಹಾಡು ಕೇಳಿ. ನಮ್ಮ ಆಫೀಸಿನ ಸಿಎಸ್‌ಆರ್ ತಂಡದ ಮುಂದೆ ಇದನ್ನು ಇಟ್ಟಿದ್ದೇನೆ, ಮಾತುಕತೆ ನಡೆಯುತ್ತಿದೆ. ನಿಮ್ಮ ಕಂಪನಿಯಲ್ಲೂ ಕೇಳಿ ನೋಡಿ. ಜಿಲ್ಲೆ, ತಾಲ್ಲೂಕುಗಳಲ್ಲಿ ಸದ್ದಿಲ್ಲದೆ ಸಂಗೀತ ಕಲಿಸುತ್ತಿರುವ ಆಶ್ರಮ, ಶಾಲೆ ನಿಮಗೆ ಗೊತ್ತಿದ್ದರೆ ಇಲ್ಲಿ ಬರೆಯಿರಿ, ಒಂದು ಪಟ್ಟಿ ಮಾಡೋಣ.