ಎಕ್ಸ್‌ಟ್ರಾಕ್ಟರ್ ಹುಡುಕಿ ಸುಸ್ತಾದವನ ಮಾತು
ಬಿಡಿಭಾಗ ಸಿಗದ ಹಳೆಯ .22 ಟಾರ್ಗೆಟ್ ರೈಫಲ್ ಬರೀ ಗೋಡೆಯ ಅಲಂಕಾರ ಎಂದು ಬರೆದಿದ್ದೀರಿ. ನಾನು ಒಪ್ಪುವುದಿಲ್ಲ ಸರ್. ಬಳ್ಳಾರಿಯ ನಮ್ಮ ಮನೆಯಲ್ಲಿ ಸೋದರಮಾವನ ಕಾಲದ ಬಿಎಸ್‌ಎ ಮಾರ್ಟಿನಿ ಅನ್ನೋ ಅಂಥದ್ದೇ ರೈಫಲ್ ಇದೆ, ಬರ್ಮಿಂಗ್‌ಹ್ಯಾಮ್‌ನದ್ದು. ಎಕ್ಸ್‌ಟ್ರಾಕ್ಟರ್ ಅಂದರೆ ತೋಟಾ ಹೊರಗೆಳೆಯುವ ಭಾಗ ಸವೆದು, ಹೊಡೆದ ಮೇಲೆ ಖಾಲಿ ತೋಟಾ ಒಳಗೇ ಕಚ್ಚಿಕೊಳ್ಳುತ್ತಿತ್ತು. ಸ್ಪ್ರಿಂಗ್ ಆದರೆ ಹೇಗೋ ಹೊಂದಿಸಬಹುದು, ಇದು ಹಾಗಲ್ಲ. ಹೆಸರು ಒಂದೇ ಇದ್ದರೂ ಮಾಡೆಲ್ ಬೇರೆಯಾದರೆ ಕೂರುವುದಿಲ್ಲ. ದುಡ್ಡು ಕಳೆದುಕೊಂಡೇ ಕಲಿತೆ! ಕೊನೆಗೆ ಲೈಸೆನ್ಸ್ ಇರುವ ಗನ್‌ಸ್ಮಿತ್ ಒಬ್ಬರು ಸವೆದದ್ದನ್ನೇ ನೋಡಿ ಹೊಸದು ಮಾಡಿಕೊಟ್ಟರು. ಮೂರು ತಿಂಗಳು ಓಡಾಡಿಸಿದರು, ಅದು ಬೇರೆ ಮಾತು.

ಇನ್ನೊಂದು, ಸುಮ್ನೆ ಖಾಲಿ ಟ್ರಿಗರ್ ಒತ್ತಬೇಡಿ. ಇಂಥ .22 ರಿಮ್‌ಫೈರ್‌ನಲ್ಲಿ ಪಿನ್, ಅಂದರೆ ತೋಟಾ ಸಿಡಿಸುವ ಮೊಳೆ, ಹೊಡೆಯುವುದು ತೋಟಾದ ಅಂಚಿಗೆ. ತೋಟಾ ಇಲ್ಲದಿದ್ದರೆ ಪೆಟ್ಟು ಚೇಂಬರಿನ, ಅಂದರೆ ಬ್ಯಾರೆಲ್‌ನಲ್ಲಿ ತೋಟಾ ಕೂರುವ ಜಾಗದ, ಅಂಚಿಗೇ ಬೀಳಬಹುದು. ಪಿನ್ ಹೋದರೆ ಹುಡುಕಬಹುದು, ಬ್ಯಾರೆಲ್ ಎಲ್ಲಿಂದ ತರುತ್ತೀರಿ?